ಪಟ್ಟಾಭಿಷೇಕದ ಗುಂಡಿಗೆ ಹುಣಸೆಹಣ್ಣು

ನೈರೋಬಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಸಿಂಹ ನೋಡಿದಿರಾ? ನೋಡಿದೆ. ಮಲಗಿತ್ತು. ನಮ್ಮ ಮೈಸೂರಿನ ಮೃಗಾಲಯದಲ್ಲೂ ಅದು ಮಲಗಿಯೇ ಇರುತ್ತದೆ, ಅದನ್ನು ನೋಡಲು ಪಾಸ್‌ಪೋರ್ಟ್ ಬೇಕಿಲ್ಲ. ನಾನು ಟೈಲರ್. ಮೂವತ್ತು ವರ್ಷಗಳಿಂದ ಮನುಷ್ಯರ ಮುಖಕ್ಕಿಂತ ಮೊದಲು ಭುಜ ನೋಡಿ ಅಭ್ಯಾಸವಾದವನು. ಹಾಗಾಗಿ ಆ ಊರಿನಲ್ಲಿ ನಾನು ಕಣ್ಣಿಟ್ಟು ನೋಡಿದ್ದು ಎರಡನ್ನೇ: ಜನ ತೊಟ್ಟ ಬಟ್ಟೆ, ಮತ್ತು ಯಾರದೋ ಕೋಟಿನಿಂದ ಕಳಚಿಬಿದ್ದ ಒಂದು ಹಿತ್ತಾಳೆ ಗುಂಡಿ. ಮುಂದೆ ಬರುವುದೆಲ್ಲ ಆ ಗುಂಡಿಯ ಪುರಾಣ. ಸಿಂಹ ಬೇಕಾದವರು ಇಲ್ಲೇ ಇಳಿದುಕೊಳ್ಳಬಹುದು.

ವಿಮಾನ ನಿಲ್ದಾಣ

ನನ್ನ ತಂಗಿ ಲಲಿತ ನೈರೋಬಿ ಸೇರಿ ಆಗ ಏಳು ವರ್ಷವಾಗಿತ್ತು. ಅವಳ ಗಂಡ ನಾಗರಾಜ್ ಅಲ್ಲಿ ನಮ್ಮ ದೇಶದವರದೇ ಒಂದು ಮಾತ್ರೆ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಫೋನ್ ಕಾರ್ಡು ಗೀರಿ ಉದ್ದುದ್ದ ನಂಬರು ಒತ್ತಿ ಮಾತಾಡಬೇಕಿತ್ತು. ಕಾರ್ಡು ಮುಗಿಯುವ ಕೊನೆಯ ಅರ್ಧ ನಿಮಿಷದಲ್ಲಿ ಅವಳು ಹೇಳಿದ್ದು, "ಅಣ್ಣ, ಹುಣಸೆಹಣ್ಣು ಮಾತ್ರ ಮರೀಬೇಡ." ನಾನು ಎರಡು ಕಿಲೋ ಹಳೇ ಹುಣಸೆಹಣ್ಣನ್ನು ಉಂಡೆ ಕಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬನಿಯನ್ನುಗಳ ನಡುವೆ ಮಲಗಿಸಿಕೊಂಡು ಹೋದೆ.

ಕಸ್ಟಮ್ಸ್‌ನಲ್ಲಿ ಎತ್ತರದ ಹೆಂಗಸೊಬ್ಬರು ಆ ಉಂಡೆಯನ್ನು ಹೊರತೆಗೆದರು. ಕರ್ರಗೆ, ಅಂಟಂಟಾಗಿ, ನೋಡಿದವರಿಗೆ ಅನುಮಾನ ಬರಲೇಬೇಕು ಎನ್ನುವ ಹಾಗಿತ್ತು. ಇನ್ನಿಬ್ಬರನ್ನು ಕರೆದರು. ನನಗೆ ಇಂಗ್ಲಿಷ್ ಹೆಸರು ನಾಲಿಗೆಗೆ ಬರಲಿಲ್ಲ, ಒಂದು ಚೂರು ಚಿವುಟಿ ಬಾಯಿಗೆ ಹಾಕಿಕೊಂಡು ತೋರಿಸಿದೆ. ಆಕೆಯೂ ಚಿವುಟಿ ಹಾಕಿಕೊಂಡು ಒಂದು ಕಣ್ಣು ಮುಚ್ಚಿದರು. "ಉಕ್ವಾಜು" ಎಂದರು. ಆಮೇಲೆ ಇಂಗ್ಲಿಷಿನಲ್ಲಿ, ನಮ್ಮ ಮೊಂಬಾಸಾ ಕಡೆ ಇದು ಮರಗಟ್ಟಲೆ ಇದೆ, ನೀನು ಇದನ್ನು ಹೊತ್ತುಕೊಂಡು ಸಮುದ್ರ ದಾಟಿ ಬಂದೆಯಾ ಎಂದು ಕೇಳಿದರು. ಉಳಿದಿಬ್ಬರೂ ಮೇಜು ಹಿಡಿದುಕೊಂಡು ನಕ್ಕರು. ನನಗೆ ಮುಖ ಹುಳ್ಳಗಾಯಿತು. ಆದರೂ ಹೇಳಲೇಬೇಕು, ಆ ಹೆಂಗಸಿನ ಯೂನಿಫಾರ್ಮು ಭುಜದ ಮೇಲೆ ಎಳ್ಳಷ್ಟೂ ಸುಕ್ಕಿಲ್ಲದೆ ಕೂತಿತ್ತು. ನಮ್ಮಲ್ಲಿ ಸರ್ಕಾರಿ ಬಟ್ಟೆ ಯಾರ ಮೈಮೇಲೂ ಹೀಗೆ ಕೂರುವುದಿಲ್ಲ.

ಲೊರೆಶೋ, ಭಾನುವಾರ

ಲೊರೆಶೋ ಎಂದರೆ ಅವರು ಇದ್ದ ಬಡಾವಣೆ. ಮಾರನೆಯ ಬೆಳಗ್ಗೆ ಎದ್ದು ಕಿಟಕಿಯಿಂದ ನೋಡಿದರೆ, ನಾಗರಾಜ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತುದಿಯಲ್ಲಿ ತಟ್ಟೆಯಂಥದ್ದು ಇರುವ ಉದ್ದ ಕೋಲನ್ನು ಹುಲ್ಲಿನ ಮೇಲೆ ಅತ್ತಿತ್ತ ಆಡಿಸುತ್ತಾ ನಡೆಯುತ್ತಿದ್ದರು. ಹಿಂದೆ ಮಗಳು ಸಿರಿ, ಹದಿಮೂರು ವರ್ಷ, ಕೈಯಲ್ಲಿ ಸಣ್ಣ ಗುದ್ದಲಿ.

"ಏನೇ ಇದು, ಬೋರ್‌ವೆಲ್ ಪಾಯಿಂಟ್ ನೋಡ್ತಿದಾರಾ?" ಎಂದೆ.

"ಬೋರ್‌ವೆಲ್ ಆಗಿದ್ರೆ ನೀರಾದ್ರೂ ಬರೋದು," ಎಂದಳು ಲಲಿತ. "ಮೆಟಲ್ ಡಿಟೆಕ್ಟರ್ ಅಂತೆ. ಮಣ್ಣಲ್ಲಿ ಹೂತಿರೋ ಲೋಹ ಹುಡುಕುತ್ತಂತೆ. ಆರು ತಿಂಗಳಿಂದ ಪ್ರತಿ ಭಾನುವಾರ ನಮ್ಮನೇಲಿ ಇದೇ ಪೂಜೆ."

ಬಾಡಿಗೆ ಮನೆಯ ಚೆಂದದ ಹುಲ್ಲುಹಾಸು ನುಸಿ ಹೊಡೆದ ಉಣ್ಣೆ ಬಟ್ಟೆಯ ಹಾಗಾಗಿತ್ತು. ಅಲ್ಲಿ ತನಕ ಸಿಕ್ಕಿದ್ದು: ಸೋಡಾ ಬಾಟಲಿ ಮುಚ್ಚಳ ಒಂದು ಡಬ್ಬ, ಮೊಳೆ ಒಂದು ಡಬ್ಬ, ಮುರಿದ ಚಮಚ, ಯಾರೋ ತಿಂದು ಎಸೆದ ಮೀನಿನ ತಗಡು. ಮತ್ತು ಮೂರು ವಾರದ ಹಿಂದೆ, ಆ ಗುಂಡಿ.

ನಾಗರಾಜ್ ಅದನ್ನು ಕಾರ್ಖಾನೆಯ ಸ್ಯಾಂಪಲ್ ಬಾಟಲಿಯಲ್ಲಿ ಹತ್ತಿ ಹಾಕಿ ಇಟ್ಟಿದ್ದರು. ಬಾಟಲಿಗೆ ಚೀಟಿ: ತಾರೀಖು, ಆಳ, ಬ್ಯಾಚ್ ನಂಬರ್ ಒಂದು. ಎಂಟಾಣೆ ಅಗಲದ ಗುಂಡಿ, ಮೇಲೆಲ್ಲ ಕಂದು ಹಸಿರು ಕಿಲುಬು. ಬೆಳಕಿಗೆ ಹಿಡಿದರೆ ನಡುವೆ ಕಿರೀಟ, ಸುತ್ತ ಯಾವನೋ ಬಿಳಿ ರಾಜನ ಪಟ್ಟಾಭಿಷೇಕದ ಅಕ್ಷರಗಳು. ಹಿಂದೆ ಕೋಟಿಗೆ ಸಿಕ್ಕಿಸುವ ತಂತಿ ಕೊಂಡಿ. "ಲೊರೆಶೋ ಪೂರ್ತಿ ಆಗ ದೊರೆಗಳ ಕಾಫಿ ತೋಟ ಭಾವ," ಎಂದರು ನಾಗರಾಜ್. "ಗವರ್ನರ್ ಯಾರಾದ್ರೂ ಇಲ್ಲಿಗೆ ಊಟಕ್ಕೆ ಬಂದಿರ್ತಾರೆ. ನೀವು ಟೈಲರ್, ನೀವೇ ಹೇಳಿ."

ಹೇಳುವ ಮೊದಲು ಊಟಕ್ಕೆ ಭಟ್ಟರು ಬಂದರು. ನಾಗರಾಜರ ಕಾರ್ಖಾನೆಯಲ್ಲೇ ಕ್ವಾಲಿಟಿ ನೋಡಿಕೊಳ್ಳುವವರು, ಮಂಗಳೂರು ಕಡೆಯವರು. ವಾರವಿಡೀ ಮಾತ್ರೆ ರಿಜೆಕ್ಟ್ ಮಾಡಿ ಮಾಡಿ, ಭಾನುವಾರ ಸಾರನ್ನೂ ಅನುಮಾನದಿಂದಲೇ ಮೂಸುವ ಮನುಷ್ಯ. ಬಾಟಲಿಯನ್ನು ಒಂದು ಸಲ ಅಲ್ಲಾಡಿಸಿ ಇಟ್ಟರು. "ಎಂತ ಮಾರಾಯ, ಕ್ಯೂರಿಯೋ ಮಾರ್ಕೆಟ್‌ನಲ್ಲಿ ಇಂಥದ್ದು ಪಟ್ಟಿಗಟ್ಟಲೆ ನೇತು ಹಾಕಿರ್ತಾರೆ. ಯಾವನೋ ಟೂರಿಸ್ಟಿನ ಜೇಬಿಂದ ಬಿದ್ದದ್ದು. ನಿನಗೆ ಟೋಪಿ ಹಾಕಲಿಕ್ಕೆ ಈಗ ಮಣ್ಣೂ ಕಲಿತಿದೆ."

ಇದು ನಾಗರಾಜರಿಗೆ ನೇರ ಎದೆಗೆ ಚುಚ್ಚಿತು. ಅವರು ಆ ಊರಿನಲ್ಲಿ ಮೋಸ ಹೋಗುವುದಕ್ಕೆ ಹೆಸರಾದವರು. ನೂರು ವರ್ಷ ಹಳೆಯದೆಂದು ತಂದ ಮಸಾಯಿ ಈಟಿಯ ಹಿಡಿಯಲ್ಲಿ ಅಂಗಡಿಯ ಸ್ಟಿಕ್ಕರ್ ಇತ್ತು. ನೀಲಿ ರತ್ನವೆಂದು ತಂದಿದ್ದು ಬಾಟಲಿ ಗಾಜು. ಈ ಗುಂಡಿಯನ್ನಾದರೋ ಯಾರೂ ಅವರಿಗೆ ಮಾರಿರಲಿಲ್ಲ. ತಾವೇ ಅಗೆದು ತೆಗೆದದ್ದು.

ಲಲಿತ ತೀರ್ಪು ಕೊಟ್ಟಳು. ರಿವರ್‌ಸೈಡ್‌ ಬಡಾವಣೆಯಲ್ಲಿ ಹಳೆಯ ಪದಕ, ಗುಂಡಿ ಕೂಡಿಡುವ ಗುಜರಾತಿ ಮುದುಕರೊಬ್ಬರಿದ್ದಾರೆ, ಕಾಂತಿಕಾಕಾ. ಶನಿವಾರ ಅವರ ಹತ್ತಿರ ಹೋಗುವುದು. ಅಸಲಿ ಎಂದರೆ ಮಿಷನ್ನು ಇರಲಿ. ನಕಲಿ ಎಂದರೆ ಅದು ಗೇಟಿನಾಚೆ, ಹುಲ್ಲು ನಾಟುವುದು. ಭಟ್ಟರು ಸಾಕ್ಷಿಗೆ ಬರುವುದು. ನಾಗರಾಜ್ ಒಪ್ಪಿಕೊಂಡರು. ಸಿರಿ ಮಾತ್ರ ತಟ್ಟೆ ಬಿಟ್ಟು ಎದ್ದು ಹೋದಳು.

ಅವಳು ಯಾಕೆ ಎದ್ದಳೆಂದು ಸಂಜೆ ತಿಳಿಯಿತು. ಈ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಅದೂ ವಾರವಿಡೀ ಅಪ್ಪನಿಗೆ "ಓಕೆ", "ಫೈನ್", ಬಾಗಿಲು ಧಡಾರ್. ಭಾನುವಾರ ಅಗೆದ ಹಳ್ಳದ ಎರಡು ಬದಿಗೆ ಕೂತಾಗ ಮಾತ್ರ ಅಪ್ಪ ಮಗಳು ಎರಡು ತಾಸು ಬಾಯಿಗೆ ಬಿಡುವಿಲ್ಲದ ಹಾಗೆ ಹರಟುತ್ತಿದ್ದರು. "ಮಾಮ," ಎಂದಳು, "ಇಫ್ ಇಟ್ಸ್ ಫೇಕ್, ನೋ ಮೋರ್ ಸಂಡೇಸ್." ಅಷ್ಟೇ ಹೇಳಿ ನೆಲ ನೋಡಿದಳು. ನನಗೆ ಅಷ್ಟು ಸಾಕಾಯಿತು.

ಸೋಮವಾರ, ಅಡುಗೆಮನೆ

ಸೋಮವಾರ ಎಲ್ಲರೂ ಅವರವರ ಕೆಲಸಕ್ಕೆ ಹೋದರು, ಲಲಿತ ತರಕಾರಿಗೆ ಹೋದಳು. ನಾನು ಗೇಟಿನವರೆಗೆ ಹೋಗಿ ಮಟಾಟು ಹತ್ತುವವರನ್ನು ನೋಡಿಕೊಂಡು ನಿಂತೆ. ಮಟಾಟು ಎಂದರೆ ನಮ್ಮ ಮ್ಯಾಕ್ಸಿಕ್ಯಾಬ್, ಹಾಡು ಮಾತ್ರ ಮದುವೆ ಮನೆಯಷ್ಟು ಜೋರು. ಅದರೊಳಗೆ ತುರುಕಿಕೊಂಡು ಹೋಗುವ ಗಂಡಸರೆಲ್ಲ ಇಸ್ತ್ರಿ ಸೂಟು, ಪಾಲಿಶ್ ಬೂಟು. ನಮ್ಮಲ್ಲಿ ಮದುಮಗನೂ ಇಷ್ಟು ಗರಿಗರಿಯಾಗಿ ಇರುವುದಿಲ್ಲ. ನೋಡಿ ನೋಡಿ ಕೈ ತುರಿಸತೊಡಗಿತು. ಮೂವತ್ತು ವರ್ಷದಲ್ಲಿ ಸೂಜಿ ಹಿಡಿಯದೆ ಒಂದು ಇಡೀ ದಿನ ಕಳೆದವನಲ್ಲ ನಾನು.

ಒಳಗೆ ಬಂದರೆ ಷೋಕೇಸಿನಲ್ಲಿ ಬಾಟಲಿ. ಬಾಟಲಿಯಲ್ಲಿ ಕಿಲುಬು ಹಿಡಿದ ಹಿತ್ತಾಳೆ. ಅಡುಗೆಮನೆಯಲ್ಲಿ ನಾನೇ ತಂದ ಹುಣಸೆಹಣ್ಣು. ನಮ್ಮಪ್ಪ ಬ್ಯಾಂಡ್ ಕಂಪನಿಗಳಿಗೆ ಯೂನಿಫಾರ್ಮು ಹೊಲಿಯುತ್ತಿದ್ದವರು. ದಸರೆಗೆ ಮುಂಚೆ ಬುಟ್ಟಿ ತುಂಬ ಗುಂಡಿ ನಮ್ಮ ಮುಂದೆ ಸುರಿಯುತ್ತಿದ್ದರು, ನಾವು ಮಕ್ಕಳು ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಕಪ್ಪು ಹಿತ್ತಾಳೆ ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ದೊಡ್ಡ ಮನುಷ್ಯರ ಮುಂದೆ ಇಡುವ ವಸ್ತು, ಇಷ್ಟು ಕೊಳಕಾಗಿದ್ದರೆ ಮರ್ಯಾದೆಯೇ ಎಂದೂ ಅನ್ನಿಸಿತು. ನೆನೆಸಿದೆ, ತಿಕ್ಕಿದೆ, ಒಲೆ ಬೂದಿ ಇಲ್ಲವಲ್ಲ ಎಂದು ಪೇಚಾಡಿ ಅಕ್ಕಿ ಹಿಟ್ಟಿನಲ್ಲಿ ಒರೆಸಿದೆ. ಹತ್ತು ನಿಮಿಷದಲ್ಲಿ ಗುಂಡಿ ಫಳಫಳ. ಕಿರೀಟದ ಒಂದೊಂದು ಮುತ್ತನ್ನೂ ಎಣಿಸಬಹುದಿತ್ತು.

ಸಂಜೆ ನಾಗರಾಜ್ ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿದರು.

"ಭಾವ," ಎಂದರು, "ಇದಕ್ಕೆ ಏನು ಮಾಡಿದ್ರಿ?"

"ತೊಳೆದೆ."

"ಹಳೇದು ಅಂತ ಗೊತ್ತಾಗೋದೇ ಆ ಕಿಲುಬಿಂದ ಭಾವ."

ಅದು ನನಗೆ ಗೊತ್ತಿರಲಿಲ್ಲ. ನನ್ನ ಲೋಕದಲ್ಲಿ ಕಿಲುಬು ಎಂದರೆ ಸೋಮಾರಿತನ. ಲಲಿತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು, ನಗುವುದಕ್ಕೋ ಅಳುವುದಕ್ಕೋ ಕೇಳುವ ಧೈರ್ಯವಾಗಲಿಲ್ಲ. ಸಿರಿ ಗುಂಡಿ ಹಿಡಿದು ನೋಡಿ, "ಇಟ್ ಲುಕ್ಸ್ ಬ್ರ್ಯಾಂಡ್ ನ್ಯೂ," ಎಂದಳು. ನಾಗರಾಜ್ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವರು ಹೆಂಡತಿಯ ಅಣ್ಣನೆಂದು ಗೌರವ ಇಟ್ಟುಕೊಂಡು, "ಇರ್ಲಿ ಬಿಡಿ, ಊಟ ಮಾಡಿ" ಎಂದುಬಿಟ್ಟರು.

ಗುರುವಾರ, ಹಳೇ ಬಟ್ಟೆಯ ಸಂತೆ

ಮಾಡಿದ ಅನಾಹುತ ಸರಿಪಡಿಸುವ ದಾರಿ ಸಿಕ್ಕೀತೇ ಎಂದು ಬುಧವಾರವೆಲ್ಲ ಆ ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ವಿಷಯ ಕಣ್ಣಿಗೆ ಬಿತ್ತು. ಹಿಂದಿನ ಕೊಂಡಿಯ ಒಳಮೈಯಲ್ಲಿ ಒಂದು ಗೀರು, ಉಗುರಿಗೆ ಸಿಕ್ಕುವಷ್ಟು ಆಳ. ಯೂನಿಫಾರ್ಮಿನ ಲೋಹದ ಗುಂಡಿಯನ್ನು ದಾರದಲ್ಲಿ ಹೊಲಿಯುವುದಿಲ್ಲ. ಬಟ್ಟೆ ಒಗೆಯುವಾಗ ಬಿಚ್ಚಲು ಬರಲಿ ಎಂದು ಹಿಂದಿನಿಂದ ಒಂದು ಉಕ್ಕಿನ ರಿಂಗು ಹಾಕುತ್ತೇವೆ. ರಿಂಗು ಉಜ್ಜಿ ಉಜ್ಜಿ ಕೊಂಡಿ ಸವೆಯುತ್ತದೆ. ಹುಣಸೆಹಣ್ಣು ಕಿಲುಬು ತಿನ್ನಬಹುದು, ಸವೆತವನ್ನು ತಿನ್ನಲಾರದು. ನನಗೆ ಹೋದ ಜೀವ ಬಂದ ಹಾಗಾಯಿತು.

ಖಾತ್ರಿ ಮಾಡಿಕೊಳ್ಳಲು ಲಲಿತಳನ್ನು ಹೊರಡಿಸಿಕೊಂಡು ಹಳೇ ಬಟ್ಟೆಯ ಸಂತೆಗೆ ಹೋದೆ. ಅಲ್ಲಿ ಅದಕ್ಕೆ ಮಿತುಂಬಾ ಎನ್ನುತ್ತಾರೆ. ಯಾವ್ಯಾವ ದೇಶದವರೋ ತೊಟ್ಟು ಬಿಟ್ಟ ಕೋಟುಗಳು ಗುಡ್ಡೆಗುಡ್ಡೆ. ಬೆಳಗ್ಗೆ ಮಟಾಟು ಹತ್ತುವ ಆ ಗರಿಗರಿ ಸೂಟುಗಳ ತವರು ಇದೇ ಎಂದು ತಿಳಿದು ನನಗೆ ಸಂಕಟವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಹೋಟೆಲಿನವರದು, ಬ್ಯಾಂಡಿನವರದು, ಹಿತ್ತಾಳೆ ಗುಂಡಿ ಇದ್ದ ಕೋಟನ್ನೆಲ್ಲ ಮಗುಚಿ ಮಗುಚಿ ಕೊಂಡಿ ನೋಡಿದೆ. ಅಂಗಡಿಯ ಹೆಂಗಸು ಸ್ವಲ್ಪ ಹೊತ್ತು ಸಹಿಸಿಕೊಂಡು, "ಮ್ಜೇ, ಕೋಟು ಬೇಕೋ ಗುಂಡಿ ಬೇಕೋ?" ಎಂದು ಕೇಳಿದರು. ಮ್ಜೇ ಎಂದರೆ ಹಿರಿಯರು, ಯಜಮಾನರು. ಆ ಮರ್ಯಾದೆಗೆ ಸೋತು ಒಂದು ಕೋಟು ಕೊಂಡೆ.

ಸಡಿಲ ಕೋಟಿನಲ್ಲಿ ಗುಂಡಿ ಜೋತು ಬಿದ್ದಿರುತ್ತದೆ, ಕೊಂಡಿ ಮೇಲೆ ಕೆಳಗೆ ಸವೆದಿರುತ್ತದೆ. ಬಿಗಿ ಕೋಟಿನಲ್ಲಿ ಗುಂಡಿಯನ್ನು ಹೊಟ್ಟೆ ಪಕ್ಕಕ್ಕೆ ಜಗ್ಗುತ್ತದೆ, ಕೊಂಡಿ ಪಕ್ಕದಲ್ಲಿ ಸವೆಯುತ್ತದೆ. ನಮ್ಮ ಗುಂಡಿ ಸವೆದಿದ್ದು ಪಕ್ಕದಲ್ಲಿ ಮಾತ್ರ, ಒಂದೇ ಗೀರು. ಅದರ ಅರ್ಥ ನನಗೆ ತಕ್ಷಣ ಹೊಳೆಯಿತು. ಬಾಯಿಬಿಟ್ಟು ಹೇಳಬೇಕಾದ ಸಂದರ್ಭ ಮಾತ್ರ ಬಾರದಿರಲಿ ತಾಯಿ ಎಂದು ಚಾಮುಂಡಿಯನ್ನು ಬೇಡಿಕೊಂಡೆ.

ಶನಿವಾರ, ರಿವರ್‌ಸೈಡ್

ಕಾಂತಿಕಾಕಾ ಎಪ್ಪತ್ತೈದು ದಾಟಿದವರು, ಫ್ಲಾಟಿನ ತುಂಬ ಗಾಜಿನ ಪೆಟ್ಟಿಗೆ. ಮೂರು ತಲೆಮಾರಿನಿಂದ ಅವರ ಮನೆಯವರಿಗೆ ನೈರೋಬಿಯಲ್ಲೇ ಬಟ್ಟೆ ಅಂಗಡಿ ಇತ್ತಂತೆ. ನಾವು ಐದು ಜನ ಸೋಫಾದಲ್ಲಿ ಒತ್ತಿಕೊಂಡು ಕೂತೆವು. ಮಾತೆಲ್ಲ ಹಿಂದಿಯಲ್ಲಿ. ನನ್ನ ಹಿಂದಿ ಹೊಲಿಗೆ ಬಿಟ್ಟ ಜೇಬು, ಏನು ಹಾಕಿದರೂ ಉದುರಿಹೋಗುತ್ತದೆ. ಆದ್ದರಿಂದ ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಕಾಕಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗುಂಡಿ ನೋಡಿದರು. "ಇದನ್ನು ತೊಳೆದವರು ಯಾರು?"

ನಾನು ಕೈ ಎತ್ತಿದೆ.

"ಯಾವುದರಲ್ಲಿ?"

"ಹುಣಸೆಹಣ್ಣು."

ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದವರಂತೆ ಅವರು ಕಣ್ಣು ಮುಚ್ಚಿದರು. "ಮಣ್ಣು ಕೊಟ್ಟ ಬಣ್ಣವೇ ಇಂಥದರ ಜಾತಕ. ನೀವು ಜಾತಕ ಸುಟ್ಟು ವರ ತೋರಿಸಲು ಬಂದಿದ್ದೀರಿ. ಈ ನಮೂನೆಯ ನಕಲು ಆಮೇಲೆ ಬೇಕಾದಷ್ಟು ಬಂದಿದೆ, ಹಿಂಬದಿಯಲ್ಲಿ ತಯಾರಕರ ಹೆಸರನ್ನೂ ಬಿಡದೆ ಅಚ್ಚು ಹಾಕಿದ್ದಾರೆ. ನಾನು ಅಸಲಿ ಎಂದು ಹೇಳಲಾರೆ."

ಭಟ್ಟರ ಮುಖ ಅರಳಿತು. ನಾಗರಾಜ್ ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು. ಸಿರಿ ಅಪ್ಪನ ಮುಖ ನೋಡುತ್ತಿದ್ದಳು.

"ಕೊಂಡಿ ನೋಡಿ," ಎಂದೆ ನಾನು. ಸವೆತದ ವಿಷಯ ಹೇಳಿದೆ. ಕಾಕಾ ನೋಡಿದರು, ತಲೆದೂಗಿದರು. "ಸವೆದಿದೆ, ಒಪ್ಪಿದೆ. ಆದರೆ ಮೊನ್ನೆ ಮೊನ್ನೆಯ ಹೋಟೆಲ್ ಬೇರರ್ ಒಬ್ಬ ನಕಲಿ ಗುಂಡಿ ಹಾಕಿಕೊಂಡು ಸವೆಸಿರಬಹುದು. ದಪ್ಪ ಮನುಷ್ಯ, ಬಿಗಿ ಕೋಟು. ಅಷ್ಟೇ."

"ದಪ್ಪ ಆಗುವವರು ಒಂದೇ ದಿನಕ್ಕೆ ಆಗುವುದಿಲ್ಲ," ಎಂದೆ. "ಮೊದಲು ಕೋಟು ಸಡಿಲ ಇರುತ್ತದೆ, ಕೊಂಡಿ ಮೇಲೆ ಕೆಳಗೆ ಸವೆಯುತ್ತದೆ. ಆಮೇಲೆ ಪಕ್ಕಕ್ಕೆ. ಎರಡು ಗೀರು ಬೀಳಬೇಕು. ಇಲ್ಲಿ ಒಂದೇ ಇದೆ. ಈ ಕೋಟು ತೊಟ್ಟ ಮೊದಲನೇ ದಿನದಿಂದಲೂ ಬಿಗಿ."

"ಹಾಗೆ ಯಾರಾದರೂ ಹೊಲಿಸುತ್ತಾರೆಯೇ?"

"ಹೊಲಿಸುವುದಿಲ್ಲ," ಎಂದೆ. ಅಲ್ಲಿಗೇ ಸುಮ್ಮನಾಗಬಹುದಿತ್ತು. ಸಿರಿ ಈಗ ನನ್ನನ್ನು ನೋಡುತ್ತಿದ್ದಳು. "ಹೊಲಿಯುತ್ತಾರೆ. ಲೆಕ್ಕದ ಬಟ್ಟೆ ಕೊಟ್ಟಿರುತ್ತಾರೆ. ಎದೆಯಲ್ಲಿ ಒಂದಿಷ್ಟು, ತೋಳಿನಲ್ಲಿ ಒಂದಿಷ್ಟು ಕಡಿಮೆ ಮಾಡಿ ಕತ್ತರಿಸಿದರೆ ಟೈಲರಿಗೆ ಬಟ್ಟೆ ಉಳಿಯುತ್ತದೆ. ತೊಡುವವನು ಬಾಯಿ ಬಿಡಲಾರದವನಾಗಿದ್ದರೆ ಇನ್ನೂ ಸುಲಭ."

"ನಿಮಗೆ ಹೇಗೆ ಗೊತ್ತು?"

"ನಮ್ಮಪ್ಪ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ."

ಲಲಿತ ನನ್ನ ಕಡೆ ತಿರುಗಿದಳು. ಕಾಕಾ ಎದ್ದು ಒಳಗೆ ಹೋದರು. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕೈಯಲ್ಲಿ ನುಸಿಗುಳಿಗೆ ವಾಸನೆಯ ಒಂದು ಹಳೆಯ ಕೋಟು. ಅದರ ತುಂಬ ಮಾಸಿ ಕಪ್ಪಾದ ಗುಂಡಿಗಳು. ಕಿರೀಟ, ಸುತ್ತ ಅದೇ ಅಕ್ಷರ.

"ಆ ಪಟ್ಟಾಭಿಷೇಕದ ಹಬ್ಬಕ್ಕೆ ಜವಾನರಿಗೆ, ದೊರೆಗಳ ಮನೆ ಆಳುಗಳಿಗೆ ಕೋಟು ಹೊಲಿದಿದ್ದು ನನ್ನ ಅಜ್ಜ," ಎಂದರು. "ಇದೊಂದು ರಿಪೇರಿಗೆ ಬಂದು ಅಂಗಡಿಯಲ್ಲೇ ಉಳಿಯಿತು. ಸಣ್ಣವನಿದ್ದಾಗ ನಾನೇ ಹಾಕಿಕೊಂಡು ನೋಡಿದ್ದೆ, ಉಸಿರಾಡಲು ಆಗಿರಲಿಲ್ಲ. ಅಜ್ಜನಿಗೆ ಅಳತೆ ಬರುತ್ತಿರಲಿಲ್ಲ ಎಂದುಕೊಂಡಿದ್ದೆ."

ನಾನು ಕೋಟನ್ನು ಒಳಹೊರಗು ಮಾಡಿ ಹೊಲಿಗೆ ನೋಡಿದೆ. ಅಂಚಿಗೆ ಬಿಡಬೇಕಾದ ಬಟ್ಟೆ ಹೆಸರಿಗೂ ಇರಲಿಲ್ಲ. ನೂಲು ಬಿಚ್ಚದ ಹಾಗೆ ಮಾತ್ರ ಎಷ್ಟು ಬೇಕೋ ಅಷ್ಟು. ಕತ್ತರಿ ಹಿಡಿದವನ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.

"ಬರುತ್ತಿತ್ತು ಕಾಕಾ," ಎಂದೆ. "ತುಂಬಾ ಚೆನ್ನಾಗಿ ಬರುತ್ತಿತ್ತು."

ಮುದುಕರು ಮೊದಲು ತುಟಿ ಬಿಗಿ ಹಿಡಿದರು, ಆಮೇಲೆ ಹೊಟ್ಟೆ ಅಲ್ಲಾಡುವ ಹಾಗೆ ನಕ್ಕರು. ನಮ್ಮ ಮೊದಲ ಅಂಗಡಿಗೆ ಬಟ್ಟೆ ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ ಎಂದು ಕಣ್ಣೊರೆಸಿಕೊಂಡರು. ಆ ಕೋಟಿನ ಒಂದು ಗುಂಡಿ ಬಿಚ್ಚಿ, ನಮ್ಮದರ ಪಕ್ಕ ಇಟ್ಟು ಗಾಜು ಹಿಡಿದರು. ಒಂದೇ ನಮೂನೆಯ ಕೊಂಡಿ, ಅದೇ ಪಕ್ಕದಲ್ಲಿ ಅದೇ ಗೀರು. ಭಟ್ಟರ ಕೈಗೂ ಗಾಜು ಕೊಟ್ಟರು. ಭಟ್ಟರು ಬಹಳ ಹೊತ್ತು ನೋಡಿ, "ಪಾಸ್," ಎಂದರು. ಏಳು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು ಎಂದು ನಾಗರಾಜ್ ಆಮೇಲೆ ಹೇಳಿದರು.

ಗವರ್ನರನ ಗುಂಡಿ ಎಂಬ ಆಸೆ ಹೋಯಿತು. ಮನೆ ಆಳೊಬ್ಬ ಉಸಿರು ಬಿಗಿಹಿಡಿದು ತೊಟ್ಟ ಕೋಟಿನ ಗುಂಡಿ ಅದು. ಅದಕ್ಕೇನೂ ನಾಗರಾಜರಿಗೆ ಬೇಸರವಾದಂತೆ ಕಾಣಲಿಲ್ಲ. ಸಿರಿ ಅಪ್ಪನ ತೋಳು ಹಿಡಿದು ಜೋತುಬಿದ್ದು, "ಸಂಡೇ, ಬೈ ದ ಹೆಡ್ಜ್," ಎನ್ನುತ್ತಿದ್ದಳು. ಅವರು ಆಗಲಿ ಎಂದು ತಲೆಯಾಡಿಸಿ, ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಭಾವ, ನನ್ನ ರಿಸೆಪ್ಷನ್ ಸೂಟು ನೀವೇ ಅಲ್ವಾ ಹೊಲಿದಿದ್ದು?"

ವಾಪಸ್

ಹೌದು, ನಾನೇ. ಮದುಮಗನಿಗೆ ಸೂಟು ಕೊಡುವುದು ನಮ್ಮ ಕಡೆಯ ಪದ್ಧತಿ. ಅಪ್ಪ ಒಳ್ಳೆಯ ಬಟ್ಟೆ ತಂದು ನನ್ನ ಕೈಗೆ ಕೊಟ್ಟಿದ್ದರು. ಮುಕ್ಕಾಲು ಮೀಟರು ಉಳಿಸಿ ಆ ಮದುವೆಗೆ ನಾನೊಂದು ವೇಸ್ಟ್‌ಕೋಟು ಹೊಲಿದುಕೊಂಡಿದ್ದೆ. ಇದನ್ನು ಕಾಂತಿಕಾಕಾರ ಮನೆಯ ಮೆಟ್ಟಿಲು ಇಳಿಯುವಾಗಲೇ ಹೇಳಿಬಿಟ್ಟೆ. ಹೇಳದೆ ಕಾರು ಹತ್ತುವ ಮುಖವಿರಲಿಲ್ಲ.

ಭಟ್ಟರು ತಮ್ಮ ಕಾರಿನಲ್ಲಿ ಹೋದರು. ನಾಗರಾಜ್ ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ತಾಯಿ ಮಗಳು. ವೆಸ್ಟ್‌ಲ್ಯಾಂಡ್ಸ್‌ನ ಸರ್ಕಲ್ಲಿನಲ್ಲಿ ಜಾಮು. ಮುಂದಿನ ಮಟಾಟು ಒಂದಿಷ್ಟು ಸರಿಯಿತು, ನಾವೂ ಸರಿದೆವು.

"ರೀ," ಎಂದಳು ಲಲಿತ. "ರಿಸೆಪ್ಷನ್ ಫೋಟೋಲೆಲ್ಲ ಮುಖ ಗಂಟು ಹಾಕ್ಕೊಂಡಿದ್ರಲ್ಲ, ಅದು ಈ ಸೂಟಿಗಾ?"

"ಉಸಿರು ಬಿಟ್ರೆ ಗುಂಡಿ ಹಾರಿ ಯಾರ ಕಣ್ಣಿಗಾದ್ರೂ ಬೀಳುತ್ತೆ ಅಂತ ಭಯ ಕಣೆ. ಮೂರು ಗಂಟೆ ನಿಂತಿದ್ದೆ ಹಾಗೇ."

ಆಮೇಲೆ ಲಲಿತ ಮಾತಾಡಿದ ಧ್ವನಿ ನಾನು ಅವಳಲ್ಲಿ ಯಾವತ್ತೂ ಕೇಳಿದ್ದಲ್ಲ. "ನಾನು ನಿಮಗೆ ಹಿಡಿಸ್ಲಿಲ್ಲ, ಮನೆಯವರ ಬಲವಂತಕ್ಕೆ ಆದ್ರಿ ಅಂದ್ಕೊಂಡಿದ್ದೆ. ಹದಿನಾರು ವರ್ಷದಿಂದ."

ಮುಕ್ಕಾಲು ಮೀಟರು ಬಟ್ಟೆ. ಆ ವೇಸ್ಟ್‌ಕೋಟನ್ನು ನಾನು ಎರಡು ಸಲವೂ ಹಾಕಿಕೊಂಡಿರಲಿಲ್ಲ.

ದಾರಿ ತೆರೆಯಿತು, ನಾಗರಾಜ್ ಕಾರು ಬಿಡಲಿಲ್ಲ. ಹಿಂದಿನಿಂದ ಹಾರ್ನುಗಳು ಶುರುವಾದವು. ಅವರು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡಿದರು.

"ಲಲಿತಾ, ಆವತ್ತು ನನಗೆ ನಗಬೇಕು ಅಂತಾನೇ ಇತ್ತು ಕಣೆ," ಎಂದರು.